ಹಳೆಯ ಫಿಲಂ ಕ್ಯಾಮೆರಾದ ಕನ್ನಡಿ ಮೇಲೆಯೇ ನಿಂತುಬಿಟ್ಟರೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಗುಂಡಿ ಒತ್ತಿದಿರಿ. ಅರ್ಧ ಸದ್ದು ಬಂತು, ಉಳಿದರ್ಧ ಬರಲೇ ಇಲ್ಲ. ವ್ಯೂಫೈಂಡರ್‌ಗೆ ಕಣ್ಣಿಟ್ಟರೆ ಕಗ್ಗತ್ತಲು. ಲೆನ್ಸ್ ಬಿಚ್ಚಿ ನೋಡಿದರೆ ಕನ್ನಡಿ ಮೇಲಕ್ಕೆ ಮಡಚಿಕೊಂಡು ಅಲ್ಲಾಡದೆ ಕೂತಿದೆ. ಹಳೆಯ ಎಸ್‌ಎಲ್‌ಆರ್ (ಲೆನ್ಸಿನಿಂದ ಬಂದ ಬೆಳಕನ್ನು ಕನ್ನಡಿಯಿಂದ ವ್ಯೂಫೈಂಡರ್‌ಗೆ ತಿರುಗಿಸುವ ಕ್ಯಾಮೆರಾ) ಬಳಸುವವರಿಗೆಲ್ಲ ಒಂದಲ್ಲ ಒಂದು ದಿನ ಈ ಕತ್ತಲು ಎದುರಾಗುತ್ತದೆ. ಆಗ ಬೆರಳು ತಾನಾಗಿಯೇ ಕನ್ನಡಿಯತ್ತ ಹೋಗುತ್ತದೆ, ಸ್ವಲ್ಪ ಕೆಳಗೆ ಎಳೆದರೆ ಬಂದೀತು ಅನ್ನಿಸುತ್ತದೆ. ದಯವಿಟ್ಟು ಎಳೆಯಬೇಡಿ.

ಮನೆಯ ಕನ್ನಡಿಯಲ್ಲಿ ಹೊಳೆಯುವ ಲೇಪನ ಗಾಜಿನ ಹಿಂದೆ ಸುರಕ್ಷಿತವಾಗಿರುತ್ತದೆ. ಕ್ಯಾಮೆರಾದ ಕನ್ನಡಿಯಲ್ಲಿ ಅದು ಗಾಜಿನ ಮುಂದೆ, ಬೆತ್ತಲೆಯಾಗಿ ಇರುತ್ತದೆ. ಬೆರಳಿನ ಜಿಡ್ಡು ತಾಗಿದರೆ ಒರೆಸಬೇಕು, ಒರೆಸಿದರೆ ಗೆರೆ ಬೀಳುತ್ತದೆ, ಬಿದ್ದ ಗೆರೆ ಹೋಗುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಒಳಗಿದೆ: ಮೇಲೆ ನಿಂತ ಕನ್ನಡಿಯನ್ನು ಒಂದು ಸಣ್ಣ ಕೊಂಡಿ ಹಿಡಿದಿರುತ್ತದೆ. ಕೊಂಡಿ ಬಿಡದಿದ್ದಾಗ ಬಲವಾಗಿ ಎಳೆದರೆ ಕೊಂಡಿಯೋ, ಕನ್ನಡಿಯ ಕೀಲೋ ಬಾಗುತ್ತದೆ. ಐದು ನಿಮಿಷದಲ್ಲಿ ಮುಗಿಯಬೇಕಿದ್ದ ಕೆಲಸ ಆಗ ಇಡೀ ಕ್ಯಾಮೆರಾವನ್ನೇ ಬಿಚ್ಚುವ ಕೆಲಸವಾಗುತ್ತದೆ.

ಇಷ್ಟು ವರ್ಷ ಈ ಯಂತ್ರಗಳ ಜೊತೆ ಕೂತು ನನಗೆ ಖಚಿತವಾಗಿರುವ ಮಾತು ಇದು: ಕನ್ನಡಿ ತಾನಾಗಿ ಕೆಡುವುದು ಅಪರೂಪ. ಬಹುಪಾಲು ಸಲ ಅದು ಇನ್ಯಾರಿಗೋ ಕಾಯುತ್ತಾ ನಿಂತಿರುತ್ತದೆ. ಯಾರಿಗೆ ಅನ್ನುವುದನ್ನು ಕಂಡುಹಿಡಿದರೆ ಅರ್ಧ ರಿಪೇರಿ ಆದ ಹಾಗೆ.

ಒಂದು ಕ್ಲಿಕ್‌ನ ಒಳಗೆ

ಹಾಗಾಗಿ ಮೊದಲು ಸರದಿ ತಿಳಿದಿರಬೇಕು. ಫಿಲಂ ಮುಂದೂಡುವ ಲಿವರ್ ಎಳೆದಾಗ ಎರಡು ಕಡೆ ಸ್ಪ್ರಿಂಗ್ ಬಿಗಿಯಾಗುತ್ತದೆ. ಒಂದು ಕನ್ನಡಿಯದು, ಇನ್ನೊಂದು ಫಿಲಂ ಮುಂದೆ ಬೆಳಕು ತಡೆದು ನಿಲ್ಲುವ ಎರಡು ಶಟರ್ ಪರದೆಗಳದು. ಗುಂಡಿ ಒತ್ತಿದಾಗ ಕನ್ನಡಿ ಮೇಲಕ್ಕೆ ಹಾರುತ್ತದೆ. ಜೊತೆಜೊತೆಗೇ ಒಂದು ಸನ್ನೆ (ಸಣ್ಣ ಲೋಹದ ಸರಳು) ಲೆನ್ಸಿನ ಅಪರ್ಚರ್ ಎಲೆಗಳನ್ನು, ಅಂದರೆ ಬೆಳಕಿನ ಕಿಂಡಿಯನ್ನು ಹಿರಿದು ಕಿರಿದು ಮಾಡುವ ತೆಳು ತಗಡುಗಳನ್ನು, ಬೇಕಾದಷ್ಟು ಮುಚ್ಚುತ್ತದೆ. ಕನ್ನಡಿ ತುದಿ ಮುಟ್ಟಿದ ಮೇಲೆಯೇ ಮೊದಲ ಪರದೆಗೆ ಓಡಲು ಅಪ್ಪಣೆ. ನಿಗದಿಯಾದ ಸಮಯ ಕಳೆದ ಮೇಲೆ ಎರಡನೇ ಪರದೆ ಓಡುತ್ತದೆ. ಅದು ಕೊನೆ ಮುಟ್ಟಿ ಒಂದು ಪುಟ್ಟ ಸನ್ನೆಯನ್ನು ತಟ್ಟಿದಾಗ ಕನ್ನಡಿಯ ಕೊಂಡಿ ಬಿಡುತ್ತದೆ, ಕನ್ನಡಿ ಕೆಳಗಿಳಿಯುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವುದರಿಂದ ನಮಗೆ ಒಂದೇ ಸದ್ದಾಗಿ ಕೇಳುತ್ತದೆ.

ಕನ್ನಡಿ ಮೇಲೆ ನಿಂತಿದೆ ಎಂದರೆ ಸರದಿಯಲ್ಲಿ ಅದು ಇಳಿಯುವ ಮೊದಲು ಓಡಬೇಕಾದವರು ಕೆಲಸ ಮುಗಿಸಿಲ್ಲ ಎಂದೇ ಬಹುಪಾಲು ಅರ್ಥ. ಕನ್ನಡಿ ಕೆಳಗೇ ಇದ್ದು ಗುಂಡಿ ಒತ್ತಿದರೂ ಮೇಲೇಳದಿದ್ದರೆ ಅದು ಬೇರೆ ಕಾಯಿಲೆ, ಅದನ್ನು ಕೊನೆಯ ಕಡೆ ನೋಡೋಣ.

ಮೊದಲ ಹಂತ: ಇದು ನಿಜಕ್ಕೂ ದೋಷವೇ?

ಕೇಳಲು ವಿಚಿತ್ರ, ಆದರೆ ಕೆಲವು ಕ್ಯಾಮೆರಾಗಳಲ್ಲಿ ಕನ್ನಡಿ ಮೇಲೆ ನಿಲ್ಲುವುದೇ ಸರಿಯಾದ ನಡತೆ. ತಕ್ಷಣ ಮರಳುವ ಕನ್ನಡಿ ಜಪಾನಿನ 35 ಎಂಎಂ ಎಸ್‌ಎಲ್‌ಆರ್‌ಗಳಲ್ಲಿ ಬಂದದ್ದು 1954ರ ಅಸಾಹಿಫ್ಲೆಕ್ಸ್ 2ಬಿ ಜೊತೆ. ಎಕ್ಸಾಕ್ಟಾ ವ್ಯಾರೆಕ್ಸ್, ಜೆನಿಟ್-3ಎಂನಂಥ ಕ್ಯಾಮೆರಾಗಳಲ್ಲಿ ಚಿತ್ರ ತೆಗೆದ ಮೇಲೆ ಮುಂದಿನ ಫ್ರೇಮಿಗೆ ಲಿವರ್ ಎಳೆಯುವ ತನಕ ವ್ಯೂಫೈಂಡರ್ ಕತ್ತಲೇ. 1957ರ ಹ್ಯಾಸಲ್‌ಬ್ಲಾಡ್ 500ಸಿ ಕೂಡ ಹಾಗೆಯೇ. ಇಂಥ ಕ್ಯಾಮೆರಾ ಹೊಸದಾಗಿ ಕೈಗೆ ಬಂದಿದ್ದರೆ ಲಿವರ್ ಪೂರ್ತಿ ಎಳೆದು ನೋಡಿ, ಕನ್ನಡಿ ಇಳಿದರೆ ಎಲ್ಲ ಸರಿಯಿದೆ.

ಇನ್ನು ಕೆಲವದರಲ್ಲಿ ಕನ್ನಡಿಯನ್ನು ಬೇಕೆಂದೇ ಮೇಲೆ ನಿಲ್ಲಿಸುವ ಬೀಗ ಇರುತ್ತದೆ. ಒಲಿಂಪಸ್ ಒಎಂ-1ರಲ್ಲಿ ಲೆನ್ಸ್ ಪಕ್ಕದ ಸಣ್ಣ ತಿರುಗುಗುಂಡಿ ಅದು. ನಿಕಾನ್ ಎಫ್ ಮತ್ತು ಎಫ್2, ಮಿನೋಲ್ಟಾ ಎಸ್‌ಆರ್‌ಟಿ-101, ಕ್ಯಾನನ್ ಎಫ್‌ಟಿಬಿಗಳಲ್ಲೂ ಇದೆ. ಬ್ಯಾಗಿನೊಳಗೆ ಉಜ್ಜಿ ಈ ಗುಂಡಿ ತಿರುಗಿಕೊಂಡಿದ್ದು ಗೊತ್ತಾಗದೆ ಕ್ಯಾಮೆರಾ ಕೆಟ್ಟಿತೆಂದು ಮೂಲೆಗಿಟ್ಟವರನ್ನು ನಾನು ಬಲ್ಲೆ.

ಆಮೇಲೆ ಶಟರ್ ಡಯಲ್ 'ಬಿ' ಅಥವಾ 'ಟಿ' ಮೇಲಿದೆಯೇ ನೋಡಿ. 'ಬಿ'ಯಲ್ಲಿ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು, 'ಟಿ'ಯಲ್ಲಿ ಇನ್ನೊಂದು ಸಲ ಗುಂಡಿ ಒತ್ತುವ ತನಕ, ಅಥವಾ ಡಯಲ್ ತಿರುಗಿಸುವ ತನಕ ಪರದೆ ತೆರೆದೇ ಇರುತ್ತದೆ. ಸೆಲ್ಫ್ ಟೈಮರ್ ಸನ್ನೆ ಅರ್ಧದಲ್ಲಿ ನಿಂತಿದ್ದರೆ ಅದನ್ನು ಓಡುವ ದಿಕ್ಕಿಗೇ ಬೆರಳ ತುದಿಯಿಂದ ತುಸು ಸರಿಸಿ. ಗರ್ ಎಂದು ಓಡಿ ಮುಗಿಸಿದರೆ ಕನ್ನಡಿಯೂ ಅದರ ಹಿಂದೆಯೇ ಇಳಿಯುತ್ತದೆ.

ಕೊನೆಯದಾಗಿ ಲಿವರ್. ಕೆಲವರು ಅದನ್ನು ಪೂರ್ತಿ ತುದಿ ಮುಟ್ಟಿಸದೆ ಬಿಡುತ್ತಾರೆ. ಸ್ವಲ್ಪ ಮಾತ್ರ ಉಳಿದಿದ್ದರೆ ನಿಧಾನವಾಗಿ ಪೂರ್ತಿ ಮಾಡಿ. ಕಲ್ಲಿನಂತೆ ನಿಂತಿದ್ದರೆ ಮಾತ್ರ ಒತ್ತಬೇಡಿ. ಫ್ರೇಮ್ ಎಣಿಕೆ 36ರ ಹತ್ತಿರವಿದ್ದರೆ ಫಿಲಂ ಮುಗಿದು ಲಿವರ್ ಅರ್ಧದಲ್ಲಿ ಸಿಕ್ಕಿಕೊಂಡಿರುವ ಸಾಧ್ಯತೆಯೇ ಹೆಚ್ಚು. ತಳದ ರಿವೈಂಡ್ ಗುಂಡಿ ಒತ್ತಿ ಫಿಲಂ ಹಿಂದಕ್ಕೆ ಸುತ್ತಿ, ಎಳೆತ ಸಡಿಲವಾದ ಮೇಲೆ ಲಿವರ್ ತಾನಾಗಿ ಮುಂದೆ ಹೋಗುತ್ತದೆ.

ಎರಡನೇ ಹಂತ: ಬ್ಯಾಟರಿ

ಎಲೆಕ್ಟ್ರಾನಿಕ್ ಶಟರ್ ಇರುವ ಕ್ಯಾಮೆರಾದಲ್ಲಿ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಹೊಸ ಸೆಲ್ ಹಾಕಿ. ಇಲ್ಲಿ ಪರದೆಗೆ ಸಮಯ ಹೇಳುವುದು ಸರ್ಕ್ಯೂಟು. ಅದಕ್ಕೆ ಶಕ್ತಿ ಸಾಲದಿದ್ದರೆ ಕನ್ನಡಿ ಮೇಲೇರಿದ ಮೇಲೆ ಸರದಿ ನಡುದಾರಿಯಲ್ಲೇ ನಿಲ್ಲುತ್ತದೆ.

ತಯಾರಕರಿಗೂ ಇದು ಗೊತ್ತಿತ್ತು, ಹಾಗಾಗಿ ಒಂದು ಕಳ್ಳದಾರಿ ಬಿಟ್ಟಿದ್ದಾರೆ. ನಿಕಾನ್ ಎಫ್‌ಇಯಲ್ಲಿ ಡಯಲ್ಲನ್ನು 'ಎಂ90'ಕ್ಕೆ ತಂದರೆ ಬ್ಯಾಟರಿ ಇಲ್ಲದೆಯೂ ಸೆಕೆಂಡಿನ 1/90 ವೇಗದಲ್ಲಿ ಶಟರ್ ಓಡುತ್ತದೆ, ನಿಂತ ಕನ್ನಡಿಯೂ ಇಳಿಯುತ್ತದೆ. ಎಫ್‌ಇ2ರಲ್ಲಿ ಅದೇ ಜಾಗ 'ಎಂ250'. ಪೆಂಟ್ಯಾಕ್ಸ್ ಎಂಇ ಸೂಪರ್‌ನಲ್ಲಿ '125ಎಕ್ಸ್', ಒಲಿಂಪಸ್ ಒಎಂ-4ರಲ್ಲಿ ಕೆಂಪು ಬಣ್ಣದ '60'. ನಿಮ್ಮ ಡಯಲ್ ಮೇಲೆ ಬೇರೆ ಬಣ್ಣದಲ್ಲೋ, ಹಿಂದೆ ಮುಂದೆ ಒಂದು ಅಕ್ಷರ ಅಂಟಿಸಿಕೊಂಡೋ ಒಂದು ಅಂಕಿ ಇದ್ದರೆ ಮೊದಲು ಅಲ್ಲಿಗೆ ತಿರುಗಿಸಿ ನೋಡಿ. ಎಷ್ಟೋ ಕ್ಯಾಮೆರಾಗಳ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಸೆಲ್ ಹೊಸದಾದರೂ ಅದು ಕೂರುವ ಜಾಗ ಕೊಳಕಾಗಿದ್ದರೆ ಪ್ರಯೋಜನವಿಲ್ಲ. ತಳದ ಮುಚ್ಚಳ ಬಿಚ್ಚಿ ಟಾರ್ಚ್ ಹಾಕಿ ನೋಡಿ. ಬಿಳಿಯ ಪುಡಿಯೋ ಹಸಿರು ಕಿಲುಬೋ ಕಂಡರೆ ಹತ್ತಿ ಸುತ್ತಿದ ಕಡ್ಡಿಗೆ ಒಂದೆರಡು ಹನಿ ವಿನೆಗರ್ ತಾಗಿಸಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಒಣಗಲು ಬಿಡಿ. ಮುಚ್ಚಳದ ಒಳಮೈಯನ್ನೂ ಮರೆಯಬೇಡಿ, ಕರೆಂಟು ಅದರ ಮೂಲಕವೂ ಹರಿಯುತ್ತದೆ. ಎಲ್‌ಆರ್44 ಮತ್ತು ಎಸ್‌ಆರ್44 ನೋಡಲು ಒಂದೇ ಥರ, ಆದರೆ ಎರಡನೆಯದು ಸಿಲ್ವರ್ ಆಕ್ಸೈಡ್, 1.55 ವೋಲ್ಟನ್ನು ಬಹುತೇಕ ಕೊನೆಯ ತನಕ ಸ್ಥಿರವಾಗಿ ಕೊಡುತ್ತದೆ. ಎಲ್‌ಆರ್44 ಬಳಸುತ್ತಾ ಹೋದಂತೆ ಇಳಿಯುತ್ತಾ ಬರುತ್ತದೆ. ಕನ್ನಡಿ ಆಗೊಮ್ಮೆ ಈಗೊಮ್ಮೆ ನಿಲ್ಲುವ ಕ್ಯಾಮೆರಾಗೆ ನಾನು ಎಸ್‌ಆರ್44 ಮಾತ್ರ ಹಾಕುತ್ತೇನೆ.

ಮೂರನೇ ಹಂತ: ಲೆನ್ಸ್ ಬಿಚ್ಚಿ

ಬಿಚ್ಚಿದ ತಕ್ಷಣ ಕನ್ನಡಿ ಪಟ್ಟನೆ ಇಳಿದರೆ ದೋಷ ದೇಹದಲ್ಲಿಲ್ಲ, ಲೆನ್ಸಿನಲ್ಲಿದೆ. ಎರಡು ಸಾಧ್ಯತೆ. ಒಂದು, ಬೇರೆ ಕ್ಯಾಮೆರಾಗಾಗಿ ಮಾಡಿದ ಲೆನ್ಸ್ ಅಡಾಪ್ಟರ್ ಹಾಕಿ ಕೂರಿಸಿದ್ದು, ಅದರ ಹಿಂಗಾಜು ಒಳಗೆ ಚಾಚಿಕೊಂಡು ಕನ್ನಡಿಗೆ ಅಡ್ಡ ಬಂದಿದೆ. ಇನ್ನೊಂದು, ಅಪರ್ಚರ್ ಎಲೆಗಳಿಗೆ ಎಣ್ಣೆ ಹರಿದು ಅಂಟಾಗಿವೆ. ಲೆನ್ಸಿನ ಹಿಂದಿನ ಸಣ್ಣ ಸನ್ನೆಯನ್ನು ಬೆರಳಿನಿಂದ ಒತ್ತಿ ಬಿಡಿ. ಎಲೆಗಳು ಚಟ್ಟನೆ ಮರಳಬೇಕು. ನಿದ್ದೆಯಿಂದ ಎದ್ದವರ ಹಾಗೆ ನಿಧಾನವಾಗಿ ಮರಳಿದರೆ ಆ ಲೆನ್ಸನ್ನು ಶುಚಿಗೊಳಿಸಬೇಕು. ಬೇರೆ ಲೆನ್ಸ್ ಹಾಕಿ ಕ್ಯಾಮೆರಾ ಸರಿ ಓಡಿದರೆ ಅನುಮಾನಕ್ಕೆ ಜಾಗವೇ ಇಲ್ಲ.

ನಾಲ್ಕನೇ ಹಂತ: ಕರಗಿದ ಸ್ಪಂಜು

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ 1970–80ರ ದಶಕದ ಕ್ಯಾಮೆರಾಗಳಲ್ಲಿ ಕನ್ನಡಿಯೇ ನೇರವಾಗಿ ಸಿಕ್ಕಿಕೊಳ್ಳುವ ಮುಖ್ಯ ಕಾರಣ ಇದು. ಕನ್ನಡಿ ಮೇಲಕ್ಕೆ ಬಡಿಯುವಾಗ ಪೆಟ್ಟು ತಗ್ಗಿಸಲು ಫೋಕಸಿಂಗ್ ಸ್ಕ್ರೀನಿನ (ಕನ್ನಡಿಯ ಮೇಲ್ಗಡೆ ಚಿತ್ರ ಮೂಡುವ ಮಬ್ಬು ಹಾಳೆಯ) ಮುಂದಂಚಿಗೆ ಒಂದು ಸಪೂರ ಪಟ್ಟಿ ಪಾಲಿಯುರೆಥೇನ್ ಸ್ಪಂಜು ಅಂಟಿಸಿರುತ್ತಾರೆ. ದಶಕಗಳು ಕಳೆದಂತೆ ಗಾಳಿಯ ತೇವಕ್ಕೆ ಅದು ಕೊಳೆತು ಟಾರಿನಂಥ ಕಪ್ಪು ಅಂಟಾಗುತ್ತದೆ.

ನನ್ನ ಹತ್ತಿರದ ಒಂದು ಕ್ಯಾಮೆರಾ ಬೆಳಿಗ್ಗೆ ಚೆನ್ನಾಗಿ ಓಡುತ್ತಿತ್ತು, ಮಧ್ಯಾಹ್ನದ ಬಿಸಿಲೇರಿದ ಮೇಲೆ ಕನ್ನಡಿ ಮೇಲೆಯೇ ಕೂತುಬಿಡುತ್ತಿತ್ತು. ಸ್ಪ್ರಿಂಗ್ ಸೋತಿದೆ ಎಂದೇ ಬಹಳ ದಿನ ನಂಬಿದ್ದೆ. ಒಂದು ದಿನ ಲೆನ್ಸ್ ಬಿಚ್ಚಿ, ಕ್ಯಾಮೆರಾವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ನೋಡಿದೆ. ಕನ್ನಡಿ ತನ್ನಷ್ಟಕ್ಕೆ ನಿಧಾನವಾಗಿ ಇಳಿಯುತ್ತಿತ್ತು, ಅದರ ಅಂಚಿನಿಂದ ಸ್ಪಂಜಿನ ತನಕ ಕೂದಲಿಗಿಂತ ತೆಳುವಾದ ನಾಲ್ಕೈದು ಕಪ್ಪು ಎಳೆಗಳು, ಬೆಲ್ಲದ ಪಾಕದ ಹಾಗೆ, ಉದ್ದವಾಗುತ್ತಾ ಹೋಗಿ ಒಂದೊಂದಾಗಿ ಹರಿದವು. ಕೊನೆಯ ಎಳೆ ಹರಿದಾಗ ಕನ್ನಡಿ ಟಪ್ಪೆಂದು ತನ್ನ ಜಾಗಕ್ಕೆ ಬಿತ್ತು. ಬಿಸಿಲಿಗೆ ಅಂಟು ಮೆದುವಾಗುತ್ತಿತ್ತು, ಅಷ್ಟೇ.

ತೆಗೆಯುವ ವಿಧಾನ ಹೀಗೆ. ಕ್ಯಾಮೆರಾವನ್ನು ಲೆನ್ಸ್ ಬಾಯಿ ಕೆಳಮುಖವಾಗುವಂತೆ ಹಿಡಿಯಿರಿ, ಉದುರುವ ಕಪ್ಪು ಚೂರುಗಳು ಒಳಗೆ ಹೋಗದೆ ಹೊರಗೆ ಬೀಳಬೇಕು. ಕನ್ನಡಿ ಕೆಳಗಿರುವಾಗ ಅದರ ಮೇಲೆ ಒಂದು ತುಂಡು ಮೆದು ಕಾಗದವನ್ನು ಒತ್ತದೆ ಇಡಿ. ಮರದ ಹಲ್ಲುಕಡ್ಡಿಯಿಂದ ಹಳೆಯ ಸ್ಪಂಜನ್ನು ಒಂದು ತುದಿಯಿಂದ ಕೆರೆದು ಎತ್ತಿ. ಲೋಹದ ಮೊನೆ ಬೇಡ. ಉಳಿದ ಅಂಟಿಗೆ ಹತ್ತಿ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ, ಹಿಂಡಿ, ತೊಟ್ಟಿಕ್ಕದಷ್ಟು ಒಣಗಿಸಿಕೊಂಡು ಒರೆಸಿ. ಪಕ್ಕದಲ್ಲೇ ಇರುವ ಫೋಕಸಿಂಗ್ ಸ್ಕ್ರೀನ್ ಬಹಳಷ್ಟು ಕ್ಯಾಮೆರಾಗಳಲ್ಲಿ ಪ್ಲಾಸ್ಟಿಕ್‌ನದು. ಒಂದು ಹನಿ ಆಲ್ಕೊಹಾಲ್ ಬಿದ್ದರೂ ಅದರ ಮೈ ಮಂಜಾಗಬಹುದು, ಮತ್ತೆ ಸರಿಯಾಗುವುದಿಲ್ಲ. ಕನ್ನಡಿಯ ಅಂಚಿಗೆ ಅಂಟು ಹತ್ತಿದ್ದರೆ ಅಂಚಿನ ಲೋಹವನ್ನು ಮಾತ್ರ ಒರೆಸಿ, ಹೊಳೆಯುವ ಮುಖಕ್ಕೆ ಹೋಗಬೇಡಿ.

ಹೊಸ ಸ್ಪಂಜು ಹಾಕುವಾಗ ದಪ್ಪದ ಕಡೆ ಗಮನವಿರಲಿ. ಸಾಮಾನ್ಯವಾಗಿ 2 ಮಿ.ಮೀ. ಆಸುಪಾಸು ಬೇಕಾಗುತ್ತದೆ, ಆದರೂ ಹಳೆಯದು ಪೂರ್ತಿ ಕರಗಿರದಿದ್ದರೆ ಅದನ್ನೇ ಅಳೆದುಕೊಳ್ಳಿ. ದಪ್ಪ ಹೆಚ್ಚಾದರೆ ಕನ್ನಡಿ ಪೂರ್ತಿ ಮೇಲೇರುವುದಿಲ್ಲ. ಪೂರ್ತಿ ಏರದಿದ್ದರೆ ಪರದೆಗೆ ಅಪ್ಪಣೆ ಸಿಗುವುದಿಲ್ಲ, ಹೊಸ ಸ್ಪಂಜಿನಿಂದಲೇ ಹೊಸದಾಗಿ ಸಿಕ್ಕಿಕೊಂಡ ಹಾಗಾಗುತ್ತದೆ. ಸ್ಪಂಜಿಲ್ಲದೆ ಓಡಿಸುವುದೂ ಬೇಡ, ಪ್ರತಿ ಪೆಟ್ಟೂ ನೇರವಾಗಿ ಸ್ಕ್ರೀನಿನ ಚೌಕಟ್ಟಿಗೆ ಬೀಳುತ್ತದೆ.

ಐದನೇ ಹಂತ: ವೇಗ ಬದಲಿಸಿ ಪರೀಕ್ಷೆ

ಸ್ಪಂಜು ಸರಿಯಿದ್ದರೆ ಕನ್ನಡಿ ಪರದೆಗೆ ಕಾಯುತ್ತಿದೆ. ಯಾವ ವೇಗದಲ್ಲಿ ನಿಲ್ಲುತ್ತದೆ ಅನ್ನುವುದೇ ಇಲ್ಲಿ ದೊಡ್ಡ ಸುಳಿವು. ಯಾಂತ್ರಿಕ ಶಟರ್‌ನಲ್ಲಿ 1 ಸೆಕೆಂಡು, 1/2, 1/4ರಂಥ ನಿಧಾನ ವೇಗಗಳನ್ನು ಅಳೆಯುವುದು ಗಡಿಯಾರದಂಥ ಒಂದು ಹಲ್ಲುಚಕ್ರದ ಗುಂಪು. ನಿಧಾನ ವೇಗದಲ್ಲಿ ಕೇಳುವ ಆ 'ಜುಯ್' ಸದ್ದು ಅದರದೇ. ಅದರ ಗ್ರೀಸು ಒಣಗಿದರೆ ಜುಯ್ ಎಂದು ಶುರುವಾಗಿ ಮಧ್ಯದಲ್ಲಿ ನಿಲ್ಲುತ್ತದೆ, ಎರಡನೇ ಪರದೆ ಕಾಯುತ್ತದೆ, ಪರದೆಗೆ ಕನ್ನಡಿ ಕಾಯುತ್ತದೆ.

ಹಾಗಾಗಿದ್ದರೆ ಡಯಲ್ಲನ್ನು 1/125ರ ಕಡೆಗೆ ನಿಧಾನವಾಗಿ ತಿರುಗಿಸಿ. ಹಲವು ಕ್ಯಾಮೆರಾಗಳಲ್ಲಿ ಹಲ್ಲುಚಕ್ರದ ಹಿಡಿತ ತಪ್ಪಿ ಸರದಿ ಮುಗಿಯುತ್ತದೆ. ಕೀವ್-88ರಂಥ ಕ್ಯಾಮೆರಾದಲ್ಲಿ ಮಾತ್ರ ಈ ಉಪಾಯ ಬೇಡ, ಅಲ್ಲಿ ಶಟರ್ ಬಿಗಿ ಮಾಡುವ ಮೊದಲು ವೇಗ ಬದಲಿಸಿದರೆ ಒಳಗೆ ಮುರಿಯುವ ಅಪಾಯವಿದೆ. ಬಿಡಿಸಿಕೊಂಡ ಮೇಲೆ 1/125ಕ್ಕಿಂತ ಹೆಚ್ಚಿನ ವೇಗದಲ್ಲಿ ಇಪ್ಪತ್ತು ಸಲ ಓಡಿಸಿ, ಆಮೇಲೆ 1/30, 1/15 ಎಂದು ಮೆಟ್ಟಿಲಿಳಿದ ಹಾಗೆ ಬನ್ನಿ. ದಶಕಗಳಿಂದ ಓಡದ ಯಂತ್ರ ನಾಲ್ಕಾರು ದಿನ ಹೀಗೆ ವ್ಯಾಯಾಮ ಮಾಡಿದ ಮೇಲೆ 1 ಸೆಕೆಂಡನ್ನೂ ಪೂರ್ತಿ ಓಡಿದ್ದನ್ನು ಕೇಳುವ ಸುಖ ದೊಡ್ಡದು.

ಎಲ್ಲ ವೇಗಗಳಲ್ಲೂ ನಿಲ್ಲುತ್ತದೆ ಎಂದಾದರೆ ಪರದೆಯನ್ನೇ ನೋಡಬೇಕು. ಫಿಲಂ ಇಲ್ಲದಿದ್ದರೆ ಹಿಂಬಾಗಿಲು ತೆರೆಯಿರಿ. ಎರಡನೇ ಪರದೆ ಕೊನೆಗೆ ಬರದೆ ಕಿಂಡಿಯ ಒಂದು ಬದಿಯಲ್ಲಿ ಸಪೂರ ಬೆಳಕಿನ ಗೆರೆ ಉಳಿದಿದೆಯೇ? ಕ್ಯಾಮೆರಾದ ಬದಿಯನ್ನು ಅಂಗೈಗೆ ಮೆಲ್ಲಗೆ ಒಮ್ಮೆ ತಟ್ಟಿ. ಗೆರೆ ಮುಚ್ಚಿ, ಅದೇ ಕ್ಷಣ ಕನ್ನಡಿ ಇಳಿದರೆ ರೋಗ ಸಿಕ್ಕಿತು: ಪರದೆ ಕೊನೆಯ ಒಂದೆರಡು ಮಿಲಿಮೀಟರ್‌ಗೆ ಸೋಲುತ್ತಿದೆ. ಪರದೆಯ ಸ್ಪ್ರಿಂಗ್ ಬಿಗಿ ಮಾಡುವ ಸ್ಕ್ರೂ ಹುಡುಕಿ ತಿರುಗಿಸುವ ಆಸೆ ಆಗುತ್ತದೆ. ಬೇಡ. ಸೋಲಿಗೆ ಕಾರಣ ಒಣಗಿದ ಎಣ್ಣೆ, ಬಿಗಿ ಹೆಚ್ಚಿಸಿದರೆ ಆ ಕಾರಣ ಹೋಗುವುದಿಲ್ಲ, ಎರಡು ಪರದೆಗಳ ವೇಗದ ಹೊಂದಾಣಿಕೆ ಮಾತ್ರ ತಪ್ಪಿ ಚಿತ್ರದ ಒಂದು ಬದಿ ಕಪ್ಪಾಗುತ್ತದೆ. ಲೋಹದ ಎಲೆಗಳ ಶಟರ್ ಆದರೆ ಎಲೆಗಳ ಮೇಲೆ ಎಣ್ಣೆಯ ಹೊಳಪು ಇದೆಯೇ ನೋಡಿ, ಬೆರಳು ಮಾತ್ರ ತಾಗಿಸಬೇಡಿ.

ಆರನೇ ಹಂತ: ತಳದ ತಟ್ಟೆ

ಇಲ್ಲಿಯ ತನಕ ಬಂದೂ ಕನ್ನಡಿ ಇಳಿಯದಿದ್ದರೆ ತಳ ಬಿಚ್ಚಬಹುದು. ಮನೆಯಲ್ಲಿ ನಾವು ಮಾಡಬಹುದಾದ್ದು ಇಷ್ಟೇ. ಮೇಲಿನ ತಟ್ಟೆಗೆ ಹೋಗಬೇಡಿ, ಅಲ್ಲಿ ತಂತಿ, ಮೀಟರ್, ಡಯಲ್ಲಿನ ಹೊಂದಾಣಿಕೆ ಎಲ್ಲ ಇರುತ್ತದೆ. ಮೊದಲು ಬ್ಯಾಟರಿ ತೆಗೆಯಿರಿ. ಒಳಗೇ ಫ್ಲ್ಯಾಶ್ ಇರುವ ಕ್ಯಾಮೆರಾ ಆದರೆ ಅದನ್ನು ಬಿಚ್ಚಲೇಬೇಡಿ, ಫ್ಲ್ಯಾಶಿನ ಕೆಪಾಸಿಟರ್ ಬ್ಯಾಟರಿ ತೆಗೆದ ಮೇಲೂ ಜೋರಾಗಿ ಶಾಕ್ ಹೊಡೆಯಬಲ್ಲದು.

ಜಪಾನಿನ ಕ್ಯಾಮೆರಾಗಳ ಸ್ಕ್ರೂಗಳು ನೋಡಲು ಫಿಲಿಪ್ಸ್ (ಕೂಡು ಗುರುತಿನ ತಲೆಯ ಸ್ಕ್ರೂ) ಥರ ಇದ್ದರೂ ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ, ಅಳತೆಯವು. ಫಿಲಿಪ್ಸ್ ಡ್ರೈವರ್ ಅವುಗಳಲ್ಲಿ ತಳ ಮುಟ್ಟಿ ಕೂರುವುದಿಲ್ಲ, ಜಾರಿ ತಲೆಯನ್ನು ಕಡಿಯುತ್ತದೆ. ಜೆಐಎಸ್ ಡ್ರೈವರ್‌ನಿಂದ ಕೆಳಕ್ಕೆ ಒತ್ತುತ್ತಾ ತಿರುಗಿಸಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರಬಹುದು. ಕಾಗದದ ಮೇಲೆ ತಟ್ಟೆಯ ಆಕಾರ ಬರೆದು ಆಯಾ ಜಾಗದಲ್ಲೇ ಅಂಟಿಸಿಡಿ, ಪ್ರತಿ ಹೆಜ್ಜೆಗೂ ಫೋಟೊ ತೆಗೆಯಿರಿ.

ಒಳಗೆ ಲಿವರಿನ ಹಲ್ಲುಚಕ್ರಗಳೂ ಅಲ್ಲಿಂದ ಕನ್ನಡಿ ಪೆಟ್ಟಿಗೆಯ ಕಡೆ ಹೋಗುವ ಉದ್ದನೆಯ ಸನ್ನೆಯೂ ಕಾಣುತ್ತವೆ. ಹತ್ತು ನಿಮಿಷ ಏನನ್ನೂ ಮುಟ್ಟದೆ ನೋಡಿ. ಕಳಚಿ ಬಿದ್ದ ಸ್ಕ್ರೂ, ಮರಳಿನ ಕಣ, ಫಿಲಂ ಚೂರು, ಕೊಂಡಿಯಿಂದ ಜಾರಿದ ಸ್ಪ್ರಿಂಗ್, ಮೇಣದಂತೆ ಗಟ್ಟಿಯಾದ ಗ್ರೀಸ್ ಕಂಡೀತು. ಪೆಂಟ್ಯಾಕ್ಸ್ ಎಂಇ ಸಾಲಿನಲ್ಲಿ ಕನ್ನಡಿಯ ಯಂತ್ರದ ಒಂದು ಪುಟ್ಟ ರಬ್ಬರ್ ಭಾಗ ಕರಗಿ ಸನ್ನೆಯನ್ನು ಹಿಡಿದುಕೊಳ್ಳುವುದು ಹೆಸರಾದ ತೊಂದರೆ. ಸನ್ನೆ ಅರ್ಧದಲ್ಲಿ ನಿಂತಿದ್ದರೆ ಅದು ಮರಳಬೇಕಾದ ದಿಕ್ಕಿಗೆ ಮರದ ಕಡ್ಡಿಯಿಂದ, ಹೂವಿನ ದಳ ಸರಿಸುವಷ್ಟು ಬಲದಲ್ಲಿ ತಳ್ಳಿ. ಹೋಗದಿದ್ದರೆ ದಿಕ್ಕು ತಪ್ಪಿದೆ, ಅಥವಾ ಅಡ್ಡಿ ಇನ್ನೂ ಒಳಗಿದೆ.

ಒಣಗಿದ ಗ್ರೀಸಿಗೆ ಲೈಟರ್‌ನ ನಾಫ್ತಾವನ್ನು ಸೂಜಿಯ ತುದಿಯಲ್ಲಿ ಹಿಡಿಯುವಷ್ಟು ಮಾತ್ರ, ಆ ಕೀಲಿಗೆ ಮಾತ್ರ ತಾಗಿಸಿ. ಬೇಗ ಬೆಂಕಿ ಹತ್ತುವ ದ್ರವ, ಕಿಟಕಿ ತೆರೆದಿರಲಿ, ಹತ್ತಿರ ಉರಿ ಇರಬಾರದು. ಡಬ್ಲ್ಯೂಡಿ-40 ಅಥವಾ ಹೊಲಿಗೆ ಯಂತ್ರದ ಎಣ್ಣೆಯನ್ನು ಖಂಡಿತ ಸುರಿಯಬೇಡಿ. ಆ ದಿನ ಕ್ಯಾಮೆರಾ ಬೆಣ್ಣೆಯ ಹಾಗೆ ಓಡುತ್ತದೆ, ನಿಜ. ವಾರಗಳಲ್ಲಿ ಆ ಎಣ್ಣೆ ಹರಿದು ಶಟರ್ ಮತ್ತು ಲೆನ್ಸ್ ತಲುಪುತ್ತದೆ.

ಕನ್ನಡಿ ಮೇಲೇಳುವುದೇ ಇಲ್ಲವಾದರೆ

ಇದು ಹೆಚ್ಚಾಗಿ ಕರೆಂಟಿನ ವಿಷಯ. ಕ್ಯಾನನ್ ಎಇ-1ಕ್ಕೆ 6 ವೋಲ್ಟಿನ ಸೆಲ್ ಇಲ್ಲದೆ ಶಟರ್ ಬಿಡುಗಡೆಯೇ ಆಗುವುದಿಲ್ಲ. ಮಿನೋಲ್ಟಾ ಎಕ್ಸ್-700ರಲ್ಲಿ ಸೆಲ್ ಹೊಸದಾಗಿದ್ದೂ ಹೀಗಾದರೆ ಒಳಗಿನ ಕೆಪಾಸಿಟರ್ ಸತ್ತಿರುವುದು ಸಾಮಾನ್ಯ, ಬೆಸುಗೆ ಬಲ್ಲವರು ಬದಲಿಸಬಹುದು. ಎಇ-1, ಎ-1ಗಳಲ್ಲಿ ಪ್ರತಿ ಕ್ಲಿಕ್ಕಿಗೂ ಕೆಮ್ಮಿದಂಥ ಕೀರಲು ಸದ್ದು ಬರುತ್ತಿದ್ದರೆ ಅದು ಕನ್ನಡಿಯ ಹಲ್ಲುಚಕ್ರ ಒಣಗಿದ ಸೂಚನೆ. ಕನ್ನಡಿ ಪೂರ್ತಿ ನಿಲ್ಲುವ ಮೊದಲೇ ತಿಳಿದವರಿಂದ ಎಣ್ಣೆ ಹಾಕಿಸಿ.

ಯಾವಾಗ ಕೈ ಬಿಡಬೇಕು

ಲಿವರ್ ಯಾವ ಬಿಗಿಯೂ ಇಲ್ಲದೆ ಓಲಾಡುತ್ತಿದ್ದರೆ, ಒಳಗೆ ಏನೋ ಅರೆದ ಸದ್ದು ಬಂದರೆ, ಬಟ್ಟೆಯ ಪರದೆ ಹರಿದಿದ್ದರೆ, ಕನ್ನಡಿಯ ಗಾಜು ಅಂಟು ಬಿಟ್ಟು ತನ್ನ ಚೌಕಟ್ಟಿನಿಂದ ಜಾರಿದ್ದರೆ ಕ್ಯಾಮೆರಾ ರಿಪೇರಿ ಬಲ್ಲವರಿಗೆ ಕೊಡಿ. ಜಾರಿದ ಗಾಜನ್ನು ಮನೆಯಲ್ಲೇ ಅಂಟಿಸಿದರೆ ಕೋನ ಕೂದಲೆಳೆಯಷ್ಟು ತಪ್ಪಿದರೂ ಫೋಕಸ್ ತಪ್ಪುತ್ತದೆ.

ಇಳಿದ ಮೇಲೆ

ಕನ್ನಡಿ ಇಳಿಯಿತೆಂದು ತಕ್ಷಣ ಫಿಲಂ ಹಾಕಬೇಡಿ. ಲೆನ್ಸ್ ಇಲ್ಲದೆ, ಹಿಂಬಾಗಿಲು ತೆರೆದು, ಬೆಳಕಿರುವ ಬಿಳಿ ಗೋಡೆಗೆ ಹಿಡಿದು ಎಲ್ಲ ವೇಗಗಳಲ್ಲೂ ಓಡಿಸಿ. 1/1000ದಲ್ಲೂ ಕಿಂಡಿ ಇಡಿಯಾಗಿ ಒಂದೇ ಸಮ ಹೊಳೆಯಬೇಕು. ಎಡ ಅಥವಾ ಬಲ ಬದಿ ಕಪ್ಪಾದರೆ ಅಡ್ಡ ಓಡುವ ಪರದೆಗಳಲ್ಲಿ ಒಂದು ಹಿಂದೆ ಬೀಳುತ್ತಿದೆ. ಅಂಥ ಕ್ಯಾಮೆರಾದಲ್ಲಿ ಮೇಲಿನ ಅಥವಾ ಕೆಳಗಿನ ಅಂಚು ಕಪ್ಪಾದರೆ ಕನ್ನಡಿ ಇನ್ನೂ ಸೋಮಾರಿಯಾಗಿದೆ.

ಆಮೇಲೆ ಲೆನ್ಸ್ ಹಾಕಿ, ಫೋಕಸ್ ಉಂಗುರವನ್ನು ಅನಂತದ ಗುರುತಿಗೆ ತಂದು, ದೂರದ ಕಂಬವನ್ನೋ ಗೋಪುರದ ತುದಿಯನ್ನೋ ವ್ಯೂಫೈಂಡರ್‌ನಲ್ಲಿ ನೋಡಿ. ನಡುವಿನ ಸೀಳಿನಲ್ಲಿ ಎರಡು ತುಂಡು ಒಂದೇ ಗೆರೆಯಲ್ಲಿ ಕೂಡಬೇಕು. ಕೂಡದಿದ್ದರೆ ಕನ್ನಡಿ ತನ್ನ 45 ಡಿಗ್ರಿಯ ಆಸರೆಯ ಮೇಲೆ ಪೂರ್ತಿ ಕೂತಿಲ್ಲ, ಅಲ್ಲೊಂದು ಕಪ್ಪು ಸ್ಪಂಜಿನ ಚೂರು ಬಿದ್ದಿರಬಹುದು. ಕೈಯಿಂದ ಒತ್ತುವ ರಬ್ಬರ್ ಬ್ಲೋವರ್‌ನಿಂದ ಊದಿ ಮತ್ತೆ ನೋಡಿ. ಗೆರೆ ಕೂಡಿದ ಮೇಲೆ ಫಿಲಂ ಹಾಕಿ, ಮೊದಲ ಆರು ಫ್ರೇಮುಗಳನ್ನು ಬೇರೆ ಬೇರೆ ವೇಗದಲ್ಲಿ ತೆಗೆದು ಯಾವುದು ಯಾವ ವೇಗ ಎಂದು ಬರೆದಿಟ್ಟುಕೊಳ್ಳಿ.